ರಣಹದ್ದಿಗೆ ಯಾಕಿಷ್ಟು ತಾತ್ಸಾರ?

ಗರುಡನ ಫೋಟೋ ಹಾಕಿದ್ರೆ ಎಲ್ರೂ ಕೈ ಮುಗಿಯೋ ಎಮೋಜಿ ಹಾಕ್ತಾರೆ, ಅದೇ ರಾಮನಗರದ ಉದ್ದ ಕೊಕ್ಕಿನ ರಣಹದ್ದಿನ ಫೋಟೋ ಹಾಕಿದ್ರೆ "ಥೂ ಹೆಣ ತಿನ್ನೋದು, ಇದೂ ಒಂದು ಬೇಟೆ ಹಕ್ಕೀನಾ" ಅಂತಾರೆ. ಸ್ವಾಮಿ, ಕೆರೆ ದಡದಲ್ಲಿ ಸತ್ತು ಬಿದ್ದಿರೋ ಮೀನು ಎತ್ಕೊಂಡು ಹೋಗೋದು ಅದೇ ಗರುಡ! ಗರುಡ, ಗಿಡುಗ, ನಮ್ಮ ರಣಹದ್ದು ಎಲ್ಲಾ ಒಂದೇ ಕುಟುಂಬದವು. ಅಮೆರಿಕದ ಕಾಂಡೋರ್ ಅನ್ನೋ ಹಕ್ಕಿ ನೋಡೋಕೆ ಹೀಗೇ ಇದ್ರೂ ಅದರ ಕುಟುಂಬ ಬೇರೆ.

ನನ್ನ ಕೇಳಿದ್ರೆ ಆ ಮನೆತನದಲ್ಲಿ ದೊಡ್ಡ ಸ್ಥಾನ ರಣಹದ್ದಿಗೇ ಸಲ್ಲಬೇಕು. ರಾಮನಗರದ ರಾಮದೇವರ ಬೆಟ್ಟದಲ್ಲಿ ಬೈನಾಕ್ಯುಲರ್ ಹಿಡಿದು ನೋಡಿ, ಬಂಡೆ ಮೇಲೆ ಸುಣ್ಣ ಸುರಿದ ಹಾಗೆ ಹಿಕ್ಕೆ ಇಳಿದಿರೋ ಕಡೆ ಕೂತಿರುತ್ತೆ. ಬೆಳಗ್ಗೆ ಬೇಗ ಏಳಲ್ಲ, ಬಿಸಿಲೇರಿ ಬಂಡೆ ಕಾದು ಬಿಸಿಗಾಳಿ ಮೇಲೇಳೋ ತನಕ ಕಾದು, ಆಮೇಲೆ ಎರಡು ಮೀಟರಿಗಿಂತ ಅಗಲದ ರೆಕ್ಕೆ ಬಿಚ್ಚಿ, ಬಡಿಯೋದೇ ಇಲ್ಲ, ಸುತ್ತು ಹಾಕ್ತಾ ಹಾಕ್ತಾ ಮೇಲೆ ಹೋಗ್ಬಿಡುತ್ತೆ. ಕಾಲಲ್ಲಿ ಹದ್ದಿನ ಥರ ಹಿಡಿತ ಇಲ್ಲ ನಿಜ, ಆದ್ರೆ ಹೆಣದೊಳಗೆ ತಲೆ ತೂರಿಸಿದ್ರೂ ರಕ್ತ ಮೆತ್ಕೊಳ್ಳದ ಬೋಳು ಕುತ್ತಿಗೆ ಇದೆ, ಕೊಳೆತ ಮಾಂಸದ ರೋಗಾಣುನೂ ಸುಟ್ಟುಹಾಕೋ ಅಷ್ಟು ಆ್ಯಸಿಡ್ ಹೊಟ್ಟೇಲಿದೆ. ಬೇರೆ ಯಾವ ಬೇಟೆ ಹಕ್ಕಿ ಮಾಡುತ್ತೆ ಈ ಕೆಲಸ?

ಇಂಥ ಹಕ್ಕೀನ ಮುಗಿಸಿದ್ದು ನಾವು ದನಕ್ಕೆ ಚುಚ್ಚಿಸಿದ ನೋವಿನ ಇಂಜೆಕ್ಷನ್ನು. ಡೈಕ್ಲೋಫೆನಾಕ್ ಅನ್ನೋ ಆ ಇಂಜೆಕ್ಷನ್ ಕೊಟ್ಟ ದನ ಒಂದೆರಡು ದಿನದಲ್ಲಿ ಸತ್ತು ಅದನ್ನ ತಿಂದ್ರೆ ರಣಹದ್ದಿನ ಕಿಡ್ನಿ ಹೋಗುತ್ತೆ, ಒಳಗಿನ ಅಂಗಗಳ ಮೇಲೆಲ್ಲಾ ಬೆಳ್ಳಗೆ ಯೂರಿಕ್ ಆ್ಯಸಿಡ್ ಕಟ್ಟಿಕೊಂಡು ಸಾಯುತ್ತೆ. 2006ರಲ್ಲಿ ದನಗಳಿಗೆ ಅದನ್ನ ಬ್ಯಾನ್ ಮಾಡಿದ್ರು, ಆದ್ರೂ ಮನುಷ್ಯರದ್ದೇ ದೊಡ್ಡ ಬಾಟ್ಲಿ ತಂದು ಚುಚ್ತಿದ್ರು, 2015ರಲ್ಲಿ ಆ ಬಾಟ್ಲಿನೂ ನಿಲ್ಲಿಸಬೇಕಾಯ್ತು. ಇದೇ ಥರ ರಣಹದ್ದಿಗೆ ವಿಷವಾಗೋ ಬೇರೆ ನೋವಿನ ಔಷಧಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ದನಗಳಿಗೆ ಬ್ಯಾನ್ ಆಗೋಕೆ 2023 ಬರಬೇಕಾಯ್ತು, ಇಷ್ಟು ತಡ ಯಾಕೆ ಅಂತ ಸಿಟ್ಟು ಬರುತ್ತೆ. ಜೋಡಿ ವರ್ಷಕ್ಕೆ ಇಡೋದೇ ಒಂದು ಮೊಟ್ಟೆ, ಸತ್ತಿದ್ದರ ಲೆಕ್ಕ ತುಂಬೋದು ಯಾವಾಗ?

ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ರು, ಒಳ್ಳೇದೇ ಆಯ್ತು, ಆದ್ರೆ ಹಕ್ಕಿಗೆ ಬೌಂಡರಿ ಗೊತ್ತಾ, ಊಟ ಹುಡುಕ್ಕೊಂಡು ಎಷ್ಟೋ ದೂರ ಹೋಗುತ್ತೆ, ಅಲ್ಲಿ ಸತ್ತ ದನದ ಮೈಯಲ್ಲಿ ಯಾವ ಔಷಧಿ ಇದೆಯೋ. ಈಗ ಬೆಟ್ಟದಲ್ಲಿ ಉಳಿದಿರೋದು ಬೆರಳೆಣಿಕೆಯಷ್ಟೇ. ಅದಕ್ಕೇ ಹಸು ಎಮ್ಮೆ ಸಾಕಿರೋರಿಗೆಲ್ಲಾ ಕೇಳ್ಕೊಳ್ತೀನಿ, ನೋವಿಗೆ ಇಂಜೆಕ್ಷನ್ ಬೇಕಾದ್ರೆ ಡಾಕ್ಟ್ರ ಹತ್ರ ಮೆಲಾಕ್ಸಿಕ್ಯಾಮ್ ಕೊಡಿ ಅಂತ ಹೆಸರು ಹೇಳಿ ಕೇಳಿ, ಅದರಿಂದ ರಣಹದ್ದಿಗೆ ತೊಂದ್ರೆ ಇಲ್ಲ, ದನಕ್ಕೂ ನೋವು ಕಮ್ಮಿ ಆಗುತ್ತೆ. ನಿಮ್ಮೂರಿನ ವಾಟ್ಸಾಪ್ ಗ್ರೂಪಿಗೂ ಇದನ್ನ ಹಾಕಿ.