ಸ್ಪಷ್ಟನೆ: ಜೋಳಿಗೆಯಿಂದ ಕೂಸಿನ ಕಾಲು ಸೊಟ್ಟಾಗುವುದಿಲ್ಲ

‘ಎಳೆಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡರೆ ಬೆನ್ನು ಬಾಗುತ್ತದೆ, ಕಾಲು ಸೊಟ್ಟಾಗುತ್ತವೆ; ಕಾಲು ನೇರ ಇಳಿಬಿಡುವ ಬೆಲ್ಟಿನ ಕ್ಯಾರಿಯರ್ ಒಳ್ಳೆಯದು’ ಎಂಬ ವಾಟ್ಸಾಪ್ ಸಂದೇಶ ವಿಜಯಪುರ, ಬಾಗಲಕೋಟೆ ಕಡೆ ಓಡಾಡುತ್ತಿದೆ. ಇದು ತಪ್ಪು, ಸಲಹೆಯಂತೂ ತಿರುಗುಮುರುಗು.

ಹುಟ್ಟಿದ ಕೂಸಿನ ಬೆನ್ನು ಸಹಜವಾಗಿಯೇ ಬಾಗಿರುತ್ತದೆ. ತೊಡೆ ಅಗಲಿಸಿ, ಮೊಣಕಾಲು ಕುಂಡಿಗಿಂತ ತುಸು ಮೇಲೆ, ಕಪ್ಪೆಯಂತೆ ಕೂತರೆ ತೊಡೆಮೂಳೆಯ ಗುಂಡು ಸೊಂಟದ ಕೀಲಿನ ಗುಳಿಯಲ್ಲಿ ಸರಿಯಾಗಿ ಕೂಡುತ್ತದೆ. ಕಾಲು ನೇರಮಾಡಿ ಬಿಗಿದರೇ ಕೀಲಿಗೆ ತೊಂದರೆ. ಹಾಗಾಗಿ ಬಟ್ಟೆ ಒಂದು ಮೊಣಕಾಲಿನ ಹಿಂಬದಿಯಿಂದ ಇನ್ನೊಂದರವರೆಗೆ ಅಗಲವಾಗಿ ಆಧಾರ ಕೊಡಬೇಕು. ಬೆಲ್ಟಿನವುಗಳಲ್ಲಿ ಹಲವಕ್ಕೆ ಕನಿಷ್ಠ ತೂಕ ಸುಮಾರು 3.5 ಕೆ.ಜಿ.; ಚೀಟಿ ಓದಿ.

ನಿಜವಾದ ಅಪಾಯ ಉಸಿರಿನದು. ಬಟ್ಟೆ ಸಡಿಲಾದರೆ ಕೂಸು ಜಾರಿ ಗದ್ದ ಎದೆಗೆ ಅಂಟುತ್ತದೆ, ಉಸಿರುದಾರಿ ಮಡಚಿಕೊಳ್ಳುತ್ತದೆ, ಅಳುವ ಸದ್ದೂ ಬರುವುದಿಲ್ಲ. ಗದ್ದದ ಕೆಳಗೆ ಎರಡು ಬೆರಳು ಹಿಡಿಸಬೇಕು, ಮುಖ ಸದಾ ಕಾಣಬೇಕು, ನೆತ್ತಿ ನಿಮಗೆ ಮುತ್ತಿಡಲು ಎಟುಕಬೇಕು. ನಮ್ಮ ಬಿಸಿಲಿಗೆಂದು ಸೆರಗು ಮುಖದ ಮೇಲೆ ಎಳೆಯಲೇಬೇಡಿ, ನೆರಳಿಗೆ ಸರಿಯಿರಿ. ರೇಷ್ಮೆ ಬೆರೆತ ಇಳಕಲ್ ಸೀರೆ, ನೈಲಾನ್ ಜಾರುತ್ತವೆ. ಗಂಟು ನಿಲ್ಲುವುದು ಹತ್ತಿಯದು.

ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ, ನೆಗಡಿಯಾದ ಕೂಸನ್ನು ಡಾಕ್ಟರನ್ನು ಕೇಳದೆ ಕಟ್ಟಿಕೊಳ್ಳಬೇಡಿ.