ಆರಡಿ ಬಿಟ್ಟು ನಿಲ್ಲಿ

ರೋಲರ್ ಕೋಸ್ಟರ್ ಓಡುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಅದಕ್ಕಾಗಿ ನಿಲ್ಲುವುದು ಒಂದು ಗಂಟೆ. ಲೆಕ್ಕ ಹಾಕಿದರೆ, ಥೀಮ್ ಪಾರ್ಕಿಗೆ ಹೋದವರು ದುಡ್ಡು ಕೊಟ್ಟು ಕೊಳ್ಳುವುದು ಸಾಲನ್ನೇ. ಆಟ ಅದರ ಮೇಲಿನ ಕೊಸರು. ಪಾರ್ಕ್ ಕಟ್ಟುವವರಿಗೂ ಇದು ಗೊತ್ತು. ಅದಕ್ಕೇ ಅವರು ಸಾಲನ್ನು ನೆಟ್ಟಗೆ ಬಿಡದೆ, ಕಂಬಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಮಡಚಿ ಮಡಚಿ ಇಡುತ್ತಾರೆ. ಹೀಗೆ ಮಡಚಿದರೆ ಒಂದೇ ಚಾವಣಿಯ ಕೆಳಗೆ ನೂರಾರು ಜನ ಹಿಡಿಸುತ್ತಾರೆ. ಸಾಲಿನ ನಿಜವಾದ ಉದ್ದ ಯಾರ ಕಣ್ಣಿಗೂ ಬೀಳುವುದಿಲ್ಲ. ತಿರುವು ಬಂದಾಗಲೆಲ್ಲ ಏನೋ ಮುಂದೆ ಸಾಗಿದೆವು ಎಂಬ ಸಮಾಧಾನ ಬೇರೆ. ಕಂಬಿಯಾಚೆ ಅದೇ ಕೆಂಪು ಟೋಪಿಯ ಮನುಷ್ಯ ಮತ್ತೆ ಮತ್ತೆ ಎದುರಾಗುತ್ತಾನೆ. ಮೂರನೆಯ ಸಲಕ್ಕೆ ಮುಗುಳ್ನಗೆ, ಐದನೆಯ ಸಲಕ್ಕೆ ಹಳೆಯ ಪರಿಚಯ.

2020ರಲ್ಲಿ ಈ ಪರಿಚಯಕ್ಕೇ ಕುತ್ತು ಬಂತು. ಕೋವಿಡ್‌ನಿಂದ ಮುಚ್ಚಿದ್ದ ಶಾಂಘೈ ಡಿಸ್ನಿಲ್ಯಾಂಡ್ ಮೇ 11ರಂದು ಬಾಗಿಲು ತೆರೆಯಿತು, ಫ್ಲಾರಿಡಾದ ಡಿಸ್ನಿ ವರ್ಲ್ಡ್ ಜುಲೈ 11ರಂದು. ನೆಲದ ಮೇಲೆಲ್ಲ ಪಟ್ಟಿ, ಗುರುತು: ಇಲ್ಲಿ ನಿಲ್ಲಿ, ಇನ್ನು ಇಲ್ಲಿ ನಿಲ್ಲಿ. ಹಿಂದೆ ಮುಂದೆ ಆರಡಿ ಬಿಟ್ಟರೆ ಮುಗಿಯಿತೇ? ಕೆಂಪು ಟೋಪಿಯವನು ಪಕ್ಕದ ಓಣಿಯಲ್ಲಿ ಕೈಗೆಟಕುವಷ್ಟು ಹತ್ತಿರವೇ ಇದ್ದಾನಲ್ಲ. ಒಂದು ಓಣಿ ಬಿಟ್ಟು ಒಂದನ್ನು ಮುಚ್ಚಬೇಕು, ಇಲ್ಲವೇ ನಡುವೆ ಪಾರದರ್ಶಕ ಹಾಳೆ ನಿಲ್ಲಿಸಬೇಕು. ಎರಡೂ ನಡೆದವು. ಮುಗುಳ್ನಗೆ ಮಾಸ್ಕಿನ ಹಿಂದೆ ಹೋಯಿತು, ಟೋಪಿ ಹಾಳೆಯ ಹಿಂದೆ.

ಇಷ್ಟಾದ ಮೇಲೂ ಸಾಲು ಚಾವಣಿಯ ಕೆಳಗೆ ಹಿಡಿಸಲಿಲ್ಲ. ಒತ್ತೊತ್ತಾಗಿ ನಿಂತರೆ ಒಬ್ಬರಿಗೆ ಎರಡಡಿ ಸಾಕು. ಆರಡಿ ಕೊಟ್ಟರೆ ಸಾಲು ಮೂರು ಪಟ್ಟಾಗುತ್ತದೆ. ಉಳಿದ ಬಾಲ ಬಾಗಿಲು ದಾಟಿ, ಕಾಲುದಾರಿ ಹಿಡಿದು, ಪಕ್ಕದ ಆಟದ ಮುಂದಕ್ಕೂ ಹೋಯಿತು. ಬಾಲ ಕಂಡವರಿಗೆ ಎದೆ ಧಸಕ್ಕೆನ್ನುತ್ತಿತ್ತು. ಕಾಯುವ ಹೊತ್ತು ತೋರಿಸುವ ಹಲಗೆಯ ಮೇಲೆ ಮಾತ್ರ ಇಪ್ಪತ್ತೇ ನಿಮಿಷ.

ಹಲಗೆ ಸುಳ್ಳು ಹೇಳುತ್ತಿರಲಿಲ್ಲ. 1961ರಲ್ಲಿ ಜಾನ್ ಲಿಟ್ಲ್ ಎಂಬವರು ಸಾಧಿಸಿ ತೋರಿಸಿದ ಒಂದು ಸೂತ್ರವಿದೆ: ಸಾಲಿನಲ್ಲಿ ಸರಾಸರಿ ಎಷ್ಟು ಜನರಿರುತ್ತಾರೆ ಎಂಬುದು, ನಿಮಿಷಕ್ಕೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬೊಬ್ಬರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದರ ಗುಣಲಬ್ಧ. ಅದರಲ್ಲಿ ಅಡಿ, ಗಜಗಳ ಮಾತೇ ಇಲ್ಲ. ಮುಂದಿನವರ ಬೆನ್ನಿಗೆ ಅಂಟಿ ನಿಂತರೂ ಆರಡಿ ದೂರ ನಿಂತರೂ ನಮ್ಮ ಸರದಿ ಬರುವುದು ಅದೇ ಹೊತ್ತಿಗೆ. ಆದರೆ ಇದನ್ನು ಹಿಂದಿನವರಿಗೆ ಹೇಳಿ ಒಪ್ಪಿಸುವವರು ಯಾರು? ನಡುವೆ ಒಂದು ಮಾರು ಖಾಲಿ ಕಂಡರೆ ಸಾಕು, “ಮುಂದೆ ಹೋಗಿ ಸ್ವಾಮಿ, ಜಾಗ ಇದೆಯಲ್ಲ!” ಸಾಂಕ್ರಾಮಿಕದ ಭಯವೂ ಈ ಮಾತಿಗೆ ಮದ್ದಾಗಲಿಲ್ಲ.

ಕಾಯುವ ಹೊತ್ತನ್ನು ನಿಜವಾಗಿ ಹೆಚ್ಚಿಸುವುದು ಖಾಲಿ ಸೀಟು. ಇಪ್ಪತ್ನಾಲ್ಕು ಸೀಟಿನ ಬಂಡಿಯಲ್ಲಿ ಒಂದು ಸಾಲು ಬಿಟ್ಟು ಒಂದು ಕೂರಿಸಿದರೆ ಹನ್ನೆರಡೇ ಜನ. ಮೊದಲಿನಷ್ಟೇ ಜನ ಬಂದರೆ ಸಾಲು ಕರಗುವುದೇ ಇಲ್ಲ. ಅದಕ್ಕೇ ಕಡಿವಾಣ ಹೆಬ್ಬಾಗಿಲಲ್ಲೇ ಬಿತ್ತು. ದಿನಕ್ಕೆ 80,000 ಜನ ಹಿಡಿಸುವ ಶಾಂಘೈ ಪಾರ್ಕಿಗೆ ಅಲ್ಲಿನ ಸರ್ಕಾರ ಹಾಕಿದ ಮಿತಿ ಶೇಕಡಾ 30. ಜಪಾನಿನ ಫ್ಯೂಜಿ-ಕ್ಯೂ ಪಾರ್ಕಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಿರುಚುವುದಿದ್ದರೆ ದಯವಿಟ್ಟು ಮನಸ್ಸಿನೊಳಗೇ ಕಿರುಚಿ ಎಂದರು. ಸಾಲಿನಲ್ಲಿ ನಿಂತವರು ಆ ಕೆಲಸವನ್ನು ಮೊದಲಿನಿಂದಲೂ ಮಾಡಿಕೊಂಡು ಬಂದಿದ್ದಾರೆ.

ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಕಾಲು, ಕಣ್ಣು, ಕಿವಿ ಗಟ್ಟಿಯಿರುವವರ ಪಾಡು. ನೆಲಕ್ಕೆ ಅಂಟಿಸಿದ ಗುರುತು ಕಣ್ಣಿಲ್ಲದವರಿಗೆ ಏನು ಹೇಳೀತು? ಅದು ಕಾಗದದಷ್ಟು ತೆಳು, ಬಿಳಿಕೋಲಿನ ತುದಿಗೆ ತಾಗುವುದೇ ಇಲ್ಲ. ಮುಂದಿನವರ ಹೆಜ್ಜೆ ಸದ್ದು, ಹರಟೆಯೇ ಅವರಿಗೆ ದಾರಿ. ಆರಡಿ ಆಚೆ, ಮಾಸ್ಕಿನೊಳಗೆ, ಅದೂ ಮಂಕಾಯಿತು. ಮೊಣಕೈ ಹಿಡಿದುಕೊಂಡು ಹೋಗೋಣವೆಂದರೆ ಸಿಬ್ಬಂದಿ ಯಾರನ್ನೂ ಮುಟ್ಟುವಂತಿಲ್ಲ. ತುಟಿಯ ಚಲನೆ ನೋಡಿ ಮಾತು ತಿಳಿಯುವವರಿಗೆ ತುಟಿಯೇ ಇಲ್ಲ. ಗಾಲಿಕುರ್ಚಿ ಇದ್ದಲ್ಲೇ ತಿರುಗಲು ಸುಮಾರು ಐದಡಿ ಅಗಲ ಬೇಕು. ಮೊದಲೇ ಬಿಗಿಯಾದ ತಿರುವಿಗೆ ಹಾಳೆಯೊಂದನ್ನು ತಂದು ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ಮಂಡಿನೋವಿನವರು ಕಂಬಿಗೆ ಒರಗುವಂತಿಲ್ಲ, ಅದನ್ನು ಎಲ್ಲರೂ ಮುಟ್ಟಿರುತ್ತಾರೆ. ನೆರಳೂ ಹೋಯಿತು, ಸಾಲು ಬಿಸಿಲಿಗೆ ಬಂದಿದೆಯಲ್ಲ. ಸಾಲು ಬೇಗ ಬೇಗ ಸರಿಯುತ್ತದೆ ಎಂದು ಉಳಿದವರು ಖುಷಿಪಟ್ಟರು. ಎರಡು ಹೆಜ್ಜೆಗೊಮ್ಮೆ ಏದುಸಿರು ಬಿಡುವವರಿಗೆ ನಿಂತಿದ್ದರೇ ಮೇಲು.

ಕಾಯುವುದಕ್ಕೆ ನಿಲ್ಲಲೇಬೇಕೆಂದು ಯಾರು ಹೇಳಿದರು? ಡಿಸ್ನಿಯವರು 1999ರಲ್ಲೇ ಫಾಸ್ಟ್‌ಪಾಸ್ ಎಂಬ ಚೀಟಿ ಕೊಟ್ಟು, ಇಂಥ ಹೊತ್ತಿಗೆ ಬನ್ನಿ ಎನ್ನುತ್ತಿದ್ದರು. 2013ರಲ್ಲಿ, ಸಾಲಿನಲ್ಲಿ ನಿಲ್ಲಲಾಗದ ಅಂಗವಿಕಲರಿಗೂ ಅದೇ ತರಹದ ಏರ್ಪಾಡು ಬಂತು: ಎಲ್ಲರಷ್ಟೇ ಕಾಯಿರಿ, ಆದರೆ ಬೇರೆ ಕಡೆ ಕೂತು ಕಾಯಿರಿ. ಕಾಯುವುದರಲ್ಲಿ ಹೆಚ್ಚಿನ ವಿನಾಯಿತಿಯೇನೂ ಇಲ್ಲ. ಆದರೂ ಪಕ್ಕದ ಬಾಗಿಲಿಂದ ಒಳಗೆ ಹೋಗುವಾಗ ನೂರು ಜೋಡಿ ಕಣ್ಣು ಬೆನ್ನಿಗೆ ಚುಚ್ಚುತ್ತಿದ್ದವು. ಸಾಂಕ್ರಾಮಿಕದ ಕಾಲದಲ್ಲಿ ಕೆಲವು ಹೊಸ ಆಟಗಳಿಗೆ ಎಲ್ಲರಿಗೂ ಫೋನಿನಲ್ಲೇ ಸರದಿ. ಎಲ್ಲರೂ ಎಲ್ಲೋ ಕೂತು ಕಾದರು, ಯಾರ ಕಣ್ಣೂ ಯಾರಿಗೂ ಚುಚ್ಚಲಿಲ್ಲ. ತೊಡಕು ಫೋನಿನದೇ. ಬೆಳಗ್ಗೆ ಏಳಕ್ಕೆ ಸರದಿ ತೆರೆದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಖಾಲಿ. ಬೆರಳು ನಡುಗುವವರು ಅಲ್ಲೂ ಹಿಂದೆಯೇ ಉಳಿದರು.

ಆಮೇಲೆ ಗುರುತುಗಳನ್ನು ಕಿತ್ತರು, ಹಾಳೆ ಇಳಿಸಿದರು. ಪುಕ್ಕಟೆಯಾಗಿದ್ದ ಫಾಸ್ಟ್‌ಪಾಸ್ ಮರಳಲಿಲ್ಲ. ಅದರ ಜಾಗಕ್ಕೆ 2021ರ ಅಕ್ಟೋಬರಿನಲ್ಲಿ ದುಡ್ಡು ಕೊಟ್ಟು ಪಡೆಯುವ ಸರದಿ ಬಂತು. 2024ರಲ್ಲಿ ಅಂಗವಿಕಲರ ಏರ್ಪಾಡನ್ನೂ ಮೊಟಕು ಮಾಡಿ, ಅದು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆಯಿರುವವರಿಗೆ ಎಂದರು. ಉಳಿದ ಹಲವರಿಗೆ ಸಿಕ್ಕ ಉಪಾಯ ಇದು: ತಡೆಯಲಾಗದಿದ್ದರೆ ಸಾಲಿನಿಂದ ಹೊರಗೆ ಹೋಗಿ, ಆಮೇಲೆ ಬಂದು ನಿಮ್ಮವರನ್ನು ಸೇರಿಕೊಳ್ಳಿ. ಅಂದರೆ ಹೊಟ್ಟೆ ಹಿಡಿದುಕೊಂಡು ಹೋದವರು, ಎಂಟು ತಿರುವುಗಳಲ್ಲಿ ಒತ್ತೊತ್ತಾಗಿ ನಿಂತವರ ನಡುವೆ “ಸ್ವಲ್ಪ ದಾರಿ ಬಿಡಿ, ನಮ್ಮವರು ಮುಂದಿದ್ದಾರೆ” ಎನ್ನುತ್ತ ತೂರಿಕೊಂಡು ಬರಬೇಕು. ಆರಡಿ ಇದ್ದಾಗಲಾದರೂ ನುಸುಳಲು ಜಾಗವಿತ್ತು.