ಚಿಗರಿ ನಿಮ್ಮ ರೀಲ್ಸ್‌ಗೆ ಹಾರಬೇಕಾ?

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕಿದರೆ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಾನು ಭಾನುವಾರ ಬೆಳಗ್ಗೆ ಎಲ್ಲಿರುತ್ತೇನೆ ಅಂತ ನಿಮಗೆ ಗೊತ್ತೇ ಇದೆ. ಬೀದರ್ ಹತ್ತಿರ ವಿಲಾಸಪುರದ ಕಡೆ, ಚಿಗರಿ, ಅಂದರೆ ಕೃಷ್ಣಮೃಗ, ನೋಡೋ ಜೀಪಿನಲ್ಲಿ. ನಿನ್ನೆ ಹಿಂದಿನ ಸೀಟಿನಲ್ಲಿ ಹೊರಗಿನಿಂದ ಬಂದ ಒಂದು ಗುಂಪು ಇತ್ತು. ಹತ್ತಿದ ಕೂಡಲೇ ಒಬ್ಬ ಕೇಳಿದ, "ಇದೇನು ಬ್ರೋ, ಕಾಡೇ ಇಲ್ವಲ್ಲ? ಬರೀ ಬಯಲು!" ಅದಕ್ಕೆ ನಾನು ಸುಮ್ಮನಿದ್ದೆ. ಸ್ಪೀಕರ್‌ನಲ್ಲಿ ಹಾಡು ಹಾಕಿದರು, ಡ್ರೈವರ್ ನಯವಾಗಿ ಬಂದ್ ಮಾಡಿಸಿದ. ಆಗಲೂ ಸುಮ್ಮನಿದ್ದೆ. ಆಮೇಲೆ ಹಿಂಡು ಕಂಡಿತು. ಡ್ರೈವರ್ ಇಂಜಿನ್ ಆಫ್ ಮಾಡಿದ. ಹೆಣ್ಣು ಚಿಗರಿಗಳು ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿದವು. ಒಂದು ತಲೆ ತಗ್ಗಿಸಿ ಮತ್ತೆ ಮೇಯತೊಡಗಿತು, ಆಮೇಲೆ ಇನ್ನೊಂದು, ಮತ್ತೊಂದು. ನಾನು ಅಷ್ಟು ದೂರ ಹೋಗೋದೇ ಈ ಒಂದು ನಿಮಿಷಕ್ಕೆ.

ಆಗ ಹಿಂದಿನಿಂದ, "ಅಣ್ಣಾ, ಸ್ವಲ್ಪ ಅವುಗಳ ಕಡೆ ಓಡಿಸಿ. ಹಾರೋದು ಬೇಕು. ಸ್ಲೋ ಮೋಷನ್!"

ಡ್ರೈವರ್ ಪಾಪ, "ಓಡಿಸಬಾರ್ದ್ರಿ. ಅವು ಮೇಯ್ಲತ್ತಾವ, ಸುಮ್ನೆ ಕುಂದರ್ರಿ" ಅಂದ. ಅವರು ಐನೂರರ ನೋಟು ತೆಗೆದರು. ಅವನು ಮುಟ್ಟಲಿಲ್ಲ. ಕೊನೆಗೆ ಒಬ್ಬ ಬಾಯಿಗೆ ಬೆರಳಿಟ್ಟು ಶಿಳ್ಳೆ ಹೊಡೆದ ನೋಡಿ! ಹಿಂಡು ಚೆಲ್ಲಾಪಿಲ್ಲಿ. ಇವರಿಗೆ ವಿಡಿಯೋ ಸಿಕ್ಕಿತು. ಜೀಪ್ ತುಂಬ ಚಪ್ಪಾಳೆ.

ನಾನು ಅಂದದ್ದನ್ನು ಇಲ್ಲಿ ಬರೆಯಲ್ಲ. ನನ್ನ ಅಮ್ಮನೂ ಫೇಸ್‌ಬುಕ್‌ನಲ್ಲಿದ್ದಾಳೆ.

ಒಂದು ಮಾತು ಕೇಳ್ತೀನಿ. ಹಾರುವುದು ಏನು, ಕುಣಿತವಾ? ಅದು ಭಯ ಕಣ್ರಪ್ಪಾ. ಬಯಲಲ್ಲಿ ಬದುಕುವ ಪ್ರಾಣಿಗೆ ಅಡಗಲು ಮರ ಇಲ್ಲ, ಪೊದೆ ಇಲ್ಲ. ಇರೋದು ಕಣ್ಣು ಮತ್ತು ಕಾಲು. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುವ ಶಕ್ತಿ ಅದಕ್ಕೆ ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಈ ನೆಲದಲ್ಲಿ ಚೀತಾ ಇತ್ತು, ಅದರಿಂದ ತಪ್ಪಿಸಿಕೊಂಡದ್ದೇ ಉಳಿಯುತ್ತಿತ್ತು. ಸಾಕಿದ ಚೀತಾ ಬಿಟ್ಟು ಇವನ್ನು ಹಿಡಿಸುವುದು ರಾಜರಿಗೆ ಶೋಕಿ. 1952ರಲ್ಲಿ ನಮ್ಮ ದೇಶದಲ್ಲಿ ಚೀತಾ ಮುಗಿಯಿತು ಎಂದು ಸರ್ಕಾರವೇ ಹೇಳಿತು. ಆ ಕೆಲಸಕ್ಕೆ ಈಗ ಜೀಪ್ ಸಾಲದೆ ಶಿಳ್ಳೆ ಬೇರೆ.

ಕಾನೂನು ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಅಟ್ಟುವುದನ್ನೂ ಅದರಲ್ಲೇ ಸೇರಿಸಿದ್ದಾರೆ. ಹುಲಿ ಎದುರು ಹೀಗೆ ಶಿಳ್ಳೆ ಹೊಡೀತಾರಾ ಇವರು? ಧೈರ್ಯ ಎಲ್ಲಾ ಹುಲ್ಲು ತಿನ್ನೋರ ಮುಂದೆ.

"ಪಾಪ, ದುಡ್ಡು ಕೊಟ್ಟು ದೂರದಿಂದ ಬಂದಿರ್ತಾರೆ, ಏನಾದ್ರೂ ನೋಡಬೇಕಲ್ವಾ" ಅಂತ ಗೆಳತಿ ಒಬ್ಬಳು ರಾತ್ರಿ ಫೋನಿನಲ್ಲಿ ಹೇಳಿದಳು. ಕೊಡಲಿ ದುಡ್ಡು. ಸೀಟಿಗೆ ಕೊಟ್ಟದ್ದು, ಹಿಂಡಿಗೆ ಕೊಟ್ಟದ್ದಲ್ಲ. ಹುಲ್ಲಿನೊಳಗೆ ಮರಿ ಮಲಗಿಸಿ ತಾಯಿ ಮೇಯುತ್ತಿರುತ್ತದೆ. ಹುಟ್ಟಿದ ಹೊಸದರಲ್ಲಿ ಮರಿ ಓಡುವುದಿಲ್ಲ, ಹುಲ್ಲಲ್ಲೇ ಮಿಸುಕಾಡದೆ ಬಿದ್ದಿರುತ್ತದೆ. ತಾಯಿಯನ್ನು ಓಡಿಸಿ ನೀವು ಹೋಟೆಲ್‌ಗೆ ಹೋಗಿ ಇಡ್ಲಿ ತಿನ್ನುತ್ತೀರಿ. ಅದರ ಲೆಕ್ಕ ಯಾರು ಇಡಬೇಕು?

ಇನ್ನೊಂದು ಮಾತು ಬರುತ್ತದೆ ಅಂತ ಗೊತ್ತು. ರೈತರೂ ಓಡಿಸ್ತಾರಲ್ಲ ಅಂತ. ನನ್ನ ಕಾಕಾನೇ ಓಡಿಸ್ತಾನೆ. ಮೊಳಕೆ ಬಂದ ಹೆಸರು, ಸೋಯಾ ಒಂದೇ ರಾತ್ರಿಯಲ್ಲಿ ಖಾಲಿಯಾದರೆ ಡಬ್ಬಿ ಬಡಿಯದೆ ಏನು ಮಾಡಬೇಕು ಅವನು? ಚಿಗರಿ ಬಗ್ಗೆ ನಾನು ಒಳ್ಳೆ ಮಾತಾಡಿದರೆ ಊಟದ ತಟ್ಟೆ ಮುಂದೆಯೇ ಬೈಯುತ್ತಾನೆ, ಬೈಸಿಕೊಳ್ಳುತ್ತೇನೆ. ಅವನಿಗೆ ಪರಿಹಾರ ಬೇಗ ಸಿಗಬೇಕು, ಅದು ಬೇರೆ ಜಗಳ. ಆದರೆ ಬೆಳೆ ಕಳೆದುಕೊಂಡವನು ಡಬ್ಬಿ ಬಡಿಯುವುದೂ ಲೈಕ್ ಬೇಕಾದವನು ಶಿಳ್ಳೆ ಹೊಡೆಯುವುದೂ ಒಂದೇನಾ?

ಬಯಲನ್ನು ಹೀಯಾಳಿಸುವವರಿಗೂ ಇಲ್ಲೇ ಹೇಳಿಬಿಡ್ತೀನಿ. ಕಾಡು ಅಂದರೆ ಬಂಡೀಪುರ, ಕಬಿನಿ ಅಷ್ಟೇ ಅಂದುಕೊಂಡಿದ್ದಾರೆ. ನಮ್ಮ ಕಡೆ ಬರೀ ಬಿಸಿಲು ಅನ್ನುವವರು ಚಿಂಚೋಳಿಗೆ ಹೋಗಿ ಬನ್ನಿ. 2011ರಲ್ಲಿ ವನ್ಯಜೀವಿ ಧಾಮ ಆಯಿತು, 134 ಚದರ ಕಿಲೋಮೀಟರ್, ಚಂದ್ರಂಪಳ್ಳಿ ಡ್ಯಾಮ್ ಸುತ್ತ ಮರವೇ ಮರ. ತೋಳ, ಕತ್ತೆಕಿರುಬ ಎಲ್ಲಾ ಇವೆ. ಆದರೆ ಚಿಗರಿಗೆ ಅದು ಬೇಡ. ಅದಕ್ಕೆ ದೂರದವರೆಗೆ ಕಾಣುವ ಹುಲ್ಲುನೆಲ ಬೇಕು. ಅಂಥ ನೆಲವನ್ನೇ ನಾವು ಬೀಳುಭೂಮಿ ಅಂತ ಬರೆದುಕೊಳ್ಳುತ್ತೇವೆ. ಸಿಕ್ಕಿದರೆ ಸೈಟ್ ಮಾಡುತ್ತೇವೆ, ಇಲ್ಲಾಂದರೆ ವನಮಹೋತ್ಸವ ಅಂತ ಗುಂಡಿ ತೋಡುತ್ತೇವೆ.

ಬೆಂಗಳೂರು ಬಿಟ್ಟು ಬಂದ ಮೇಲೆ ನನಗೆ ರಾತ್ರಿ ನಿದ್ದೆ ಇಲ್ಲ. ಇದನ್ನು ಇಲ್ಲಿ ಯಾಕೆ ಹೇಳ್ತಿದ್ದೀನೋ ಗೊತ್ತಿಲ್ಲ. ಮನೆಗೆ ಬಂದವರೆಲ್ಲ ಅದೇ ಕೇಳ್ತಾರೆ, ಯಾಕೆ ಬಂದೆ, ಮುಂದೇನು, ಅವನು ಫೋನ್ ಮಾಡ್ತಾನಾ. ಮೊದಲ ಸಲ ಆ ಜೀಪಿನಲ್ಲಿ ಕೂತಾಗ ಇಂಜಿನ್ ನಿಂತ ಮೇಲೆ ನಾನು ನಿದ್ದೆ ಹೋಗಿಬಿಟ್ಟೆ. ದುಡ್ಡು ಕೊಟ್ಟು ನಿದ್ದೆ! ಡ್ರೈವರ್ ಎಬ್ಬಿಸಲಿಲ್ಲ. "ಬೆಳಿಗ್ಗಿ ಗಾಳಿ ಹಂಗೇ ಅದರಿ ಅಕ್ಕಾ" ಅಂದ, ಅಷ್ಟೇ. ಕಣ್ಣು ಬಿಟ್ಟರೆ ಎದುರಿಗೆ ಒಂದು ಕಪ್ಪು ಗಂಡು. ಸುರುಳಿ ಕೊಂಬು, ಕಣ್ಣ ಸುತ್ತ ಬಿಳಿ ಬಳೆ. ಕಣ್ಣಿನ ಕೆಳಗಿನ ಗ್ರಂಥಿಯನ್ನು ಒಣ ಹುಲ್ಲುಕಡ್ಡಿಗೆ ತಾಗಿಸಿ, ಇದು ನನ್ನ ಜಾಗ ಅಂತ ವಾಸನೆ ಬಿಡುತ್ತಿತ್ತು. ಮೇಲೆ ವಾಯುಸೇನೆಯ ತರಬೇತಿ ವಿಮಾನ ಕಿವಿ ಕಿತ್ತುಹೋಗುವ ಹಾಗೆ ಹಾದುಹೋಯಿತು. ಅದು ತಲೆ ಎತ್ತಲಿಲ್ಲ. ಆ ಸದ್ದು ಅದಕ್ಕೆ ರೂಢಿಯಾಗಿದೆ. ಕೆಂಪು ಮಣ್ಣು, ಕುರುಚಲು ಹುಲ್ಲು, ಬಿಸಿಲು, ನೆತ್ತಿ ಮೇಲೆ ವಿಮಾನ. ನಾನು ಬೆಳೆದದ್ದೂ ಇದರಲ್ಲೇ ಅಲ್ವಾ. ಬಂದ ಮೇಲೆ ಮೊದಲ ಬಾರಿ ಇದು ನನ್ನೂರು ಅನಿಸಿದ್ದು ಆವತ್ತು.

ಅಂಥ ಜಾಗಕ್ಕೆ ಬಂದು ಶಿಳ್ಳೆ!

ಆ ಹುಡುಗನ ವಿಡಿಯೋ ಬೆಳಗ್ಗೆ ನನ್ನ ಕಣ್ಣಿಗೂ ಬಿತ್ತು, ಪ್ರಕೃತಿ ಪ್ರೇಮ ಅಂತ ಹಸಿರು ಹಾರ್ಟ್ ಬೇರೆ ಹಾಕಿದ್ದಾನೆ. ರಿಪೋರ್ಟ್ ಮಾಡಿದ್ದೇನೆ.

ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಜೀಪಿನಲ್ಲಿ ಹಿಂದಿನ ಸೀಟುಗಳನ್ನೂ ನಾನೇ ಹೇಳಿಟ್ಟಿದ್ದೇನೆ, ಅಪರಿಚಿತರ ಸಹವಾಸವೇ ಬೇಡ ಅಂತ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಸುಸಲಾ ನಾನು ತರುತ್ತೇನೆ, ಚಹಾ ನಿಮ್ಮದು. ಸ್ಪೀಕರ್ ತಂದವರನ್ನು ಗೇಟಿನಲ್ಲೇ ಇಳಿಸುತ್ತೇನೆ.